ಹೊರಗಿನ ಚಿಲಕ

ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಮನೆಬಿಟ್ಟು ಹೊರಟ ಎಲ್ಲರಿಗೂ ಬರುವಂಥದ್ದು. ಅವಳ ಸಂಕಟ ಬೇರೆ. ಹಾಕಿದ್ದೇನೆ ಎಂಬುದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಕೀಲಿಕೈ ಕೈಚೀಲದ ಒಳಜೇಬಿನಲ್ಲಿ ಬಸ್ ಪಾಸಿಗೆ ಅಂಟಿಕೊಂಡು ಕೂತಿತ್ತು. ಚರ್ಚಿನ ಸಭಾಂಗಣದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರೆ ಅದರ ಮೊನೆ ಬಟ್ಟೆಯೊಳಗಿಂದ ಚುಚ್ಚುತ್ತಿತ್ತು. ಕೆಳಗಿಟ್ಟರೆ ಚುಚ್ಚುತ್ತಿರಲಿಲ್ಲ, ಆದರೆ ಕೆಳಗಿಡಲು ಮನಸ್ಸು ಬರಲಿಲ್ಲ. ಬೆಳಿಗ್ಗೆ ಅತ್ತೆಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕೋಣೆಯ ಬಾಗಿಲು ಎಳೆದುಕೊಂಡು, ಹೊರಗಿನ ಚಿಲಕ ಸರಿಸಿ ಅದಕ್ಕೆ ಬೀಗ ಸಿಕ್ಕಿಸಿ ಒತ್ತಿದ್ದಳು. ಬೀಗ ಬೀಳುವ ಸದ್ದು ಒಳಗೆ ಕೇಳಿಸದಿರಲಿ ಎಂದು ಅದೇ ಹೊತ್ತಿಗೆ ಕೆಮ್ಮಿದ್ದಳು. ಪ್ರತಿಸಲವೂ ಕೆಮ್ಮುತ್ತಾಳೆ. ಆಮೇಲೆ ಹೊರಟುಬಿಡಬೇಕು, ಬಸ್ಸಿಗೆ ಹೊತ್ತಾಗಿರುತ್ತದೆ. ಆದರೂ ಬಾಗಿಲ ಈಚೆ ಸುಮ್ಮನೆ ನಿಂತಿರುತ್ತಾಳೆ, ಒಳಗಿನಿಂದ ಏನಾದರೂ ಬರಲಿ ಎಂದೋ ಬರದಿರಲಿ ಎಂದೋ ತಿಳಿಯದೆ. ಇವತ್ತು ಬಂದದ್ದು ಒಂದೇ ಮಾತು. "ಹೋಗ್ತಿದೀಯಾ?" ಅಷ್ಟೆ. ಹಿಂದೊಂದು ಕಾಲದಲ್ಲಿ ಇದೇ ಬಾಯಿ ಉಪ್ಪು ಹೆಚ್ಚಾಯಿತೆಂದು ನೆಂಟರ ಮುಂದೆ ಹಂಗಿಸಿದ್ದು, 'ನಮ್ಮ ಹುಡುಗನ ಹಣೇಲಿ ಬರೆದದ್ದು ಇಷ್ಟೇ' ಎಂದು ಇವಳಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದ್ದು. ಆ ನಾಲಿಗೆ ಹಾಗೇ ಇದ್ದಿದ್ದರೆ ಬೀಗ ಹಾಕುವುದು ಎಷ್ಟೋ ಸುಲಭವಾಗುತ್ತಿತ್ತು.

"ಬಾಗಿಲು ತೆರೆದಿರಬೇಕು," ಎನ್ನುತ್ತಿದ್ದಳು ತರಬೇತಿ ಕೊಡಲು ಬಂದ ಹೆಂಗಸು. ಅವಳು ಇವಳಿಗಿಂತ ಚಿಕ್ಕವಳು. ನೀಟಾಗಿ ಇಸ್ತ್ರಿ ಮಾಡಿದ ತೋಳು, ಯಾರಿಗೂ ನೋವಾಗದಂತೆ ಒರೆಸಿ ತೊಳೆದ ದನಿ. ಗೋಡೆಗೆ ಬಿಗಿದ ಬಿಳಿ ಬೆಡ್‌ಶೀಟಿನ ಮೇಲೆ ಪ್ರೊಜೆಕ್ಟರಿನ ಬೆಳಕು ಬಿದ್ದಿತ್ತು; ಬೆಡ್‌ಶೀಟಿನ ಮಡಿಕೆಯಲ್ಲಿ ಅಕ್ಷರಗಳು ಮುರಿದುಕೊಂಡಿದ್ದವು. ಮಕ್ಕಳ ಜೊತೆಗಿರುವ ಕೋಣೆಯ ಬಾಗಿಲು ತೆರೆದಿರಬೇಕು. ಮಗುವಿನ ಜೊತೆ ದೊಡ್ಡವರು ಒಬ್ಬರೇ ಇರಬಾರದು, ಇಬ್ಬರಿರಬೇಕು. ಮುದುಕರು, ರೋಗಿಗಳು, ಬುದ್ಧಿ ಬೆಳೆಯದವರು, ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದ ಯಾವ ದೊಡ್ಡವರನ್ನು ನೋಡಲು ಹೋದರೂ ಹಾಗೆಯೇ, ಜೋಡಿಯಾಗಿ. ಚರ್ಚಿನಲ್ಲಿ ಸೇವೆ ಮಾಡುವ ಪ್ರತಿಯೊಬ್ಬರೂ ಇನ್ನು ಮೇಲೆ ಈ ತರಬೇತಿ ಮುಗಿಸಿ, ಸಹಿ ಹಾಕಿ, ಬ್ಯಾಜು ತೆಗೆದುಕೊಳ್ಳಬೇಕು. ಹಿಂದಿನ ಸಾಲಿನಿಂದ ಗಂಟೆ ತಾತ ಎದ್ದ. ಚರ್ಚಿನ ಗಂಟೆ ಹೊಡೆಯುತ್ತ ಹೊಡೆಯುತ್ತ ಅವನ ಕಿವಿ ಅರ್ಧ ಹೋಗಿತ್ತು, ಹಾಗಾಗಿ ಏನು ಕೇಳಿದರೂ ಊರಿಗೆಲ್ಲ ಕೇಳುವಂತೆ ಕೇಳುತ್ತಿದ್ದ.

"ಅಲ್ಲಮ್ಮಾ, ಮಗು ಬಿದ್ದು ಅಳ್ತಾ ಇದ್ರೆ ಎತ್ಕೊಳ್ಳೋಕೂ ಇಬ್ರು ಬೇಕಾ?"

"ಬೇಕಪ್ಪಾ ತಾತ, ಒಬ್ರು ಎತ್ಕೊಳ್ಳೋಕೆ, ಒಬ್ರು ನಿನ್ನನ್ನ ಎತ್ಕೊಳ್ಳೋಕೆ," ಎಂದಳು ಮುಂದಿನ ಸಾಲಿನಲ್ಲಿದ್ದ ನರ್ಸಕ್ಕ, ತಿರುಗಿಯೂ ನೋಡದೆ. ಸಭಾಂಗಣ ನಕ್ಕಿತು. ತರಬೇತಿಯವಳೂ ನಕ್ಕಳು, ನಗಲು ಎಷ್ಟು ಹೊತ್ತು ಕೊಡಬೇಕೆಂದು ಗೊತ್ತಿರುವವರ ಹಾಗೆ. ಇವಳೂ ನಕ್ಕಳು. ನಕ್ಕು ಮುಗಿದ ಮೇಲೂ ತುಟಿ ಹಾಗೇ ನಿಂತಿದ್ದು ತಿಳಿದು ಅದನ್ನು ಕೈಯಿಂದ ಮುಚ್ಚಿಕೊಂಡಳು.

ಇವಳು ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸದವಳು. ಹೊಲಿದ ಶರ್ಟುಗಳು ಮೇಜಿನ ಮೇಲೆ ಗುಡ್ಡೆಯಾಗಿ ಬರುತ್ತವೆ. ಒಂದೊಂದನ್ನೂ ದೀಪದ ಕೆಳಗೆ ಹರವಿ, ಕಾಲರಿನಿಂದ ಹಿಡಿದು ತೋಳಿನ ಗುಂಡಿಯ ತನಕ ಬೆರಳಾಡಿಸಿ, ತಪ್ಪಿದ ಹೊಲಿಗೆಯ ಪಕ್ಕ ಕೆಂಪು ಬಾಣದ ಸ್ಟಿಕರ್ ಅಂಟಿಸಿ ಆಚೆ ತಳ್ಳಬೇಕು. ಯಾರು ಹೊಲಿದರು, ಅವರಿಗೆ ಅವತ್ತು ಜ್ವರವಿತ್ತೇ, ಅದೆಲ್ಲ ಅವಳ ಕೆಲಸವಲ್ಲ. ಬಾಣ ಅಂಟಿಸುವುದಷ್ಟೇ. ಇಷ್ಟು ವರ್ಷದಲ್ಲಿ ಕಣ್ಣಿಗೆ ಅದೊಂದು ರೋಗವಾಗಿ ಹತ್ತಿಬಿಟ್ಟಿತ್ತು: ಬಸ್ಸಿನಲ್ಲಿ ಮುಂದೆ ಕೂತವನ ಹೆಗಲಿನ ಹೊಲಿಗೆ, ಪಾದ್ರಿಗಳ ನಿಲುವಂಗಿಯ ಅಂಚು, ಬಲಿಪೀಠದ ಬಟ್ಟೆಯ ಒಂದು ಮೂಲೆಯಲ್ಲಿ ಸಡಿಲವಾದ ಒಂದೇ ಒಂದು ನೂಲು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಆ ನೂಲು ಕಾಣುತ್ತಿತ್ತು. ಈಗ ಬೆಡ್‌ಶೀಟಿನ ಮೇಲೆ ಸಾಲು ಸಾಲಾಗಿ ಬರುತ್ತಿದ್ದ ನಿಯಮಗಳನ್ನು ನೋಡುತ್ತಿದ್ದರೆ, ಯಾರೋ ತನ್ನನ್ನೇ ದೀಪದ ಕೆಳಗೆ ಹರವಿಕೊಂಡು, ಕಾಲರಿನಿಂದ ಶುರುಮಾಡಿ, ಅವಸರವಿಲ್ಲದೆ ಬೆರಳಾಡಿಸುತ್ತಿದ್ದಾರೆ ಎನ್ನಿಸಿತು.

"ಇನ್ನು ದೊಡ್ಡವರ ವಿಷಯ," ಎಂದಳು ತರಬೇತಿಯವಳು. "ಹೊಡೆಯೋದು, ಬೈಯೋದು ಮಾತ್ರ ಹಿಂಸೆ ಅಂತ ನಾವು ಅಂದ್ಕೊಂಡಿರ್ತೀವಿ. ಕಟ್ಟಿ ಹಾಕೋದು, ಕೋಣೇಲಿ ಕೂಡಿ ಬೀಗ ಹಾಕೋದು, ಇದೂ ಹಿಂಸೇನೇ. ಅವರ ಒಳ್ಳೇದಕ್ಕೇ ಮಾಡಿದ್ರೂ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ಚೀಲದ ಮೇಲೆ ಹೋಗಿಬಿಟ್ಟಿತ್ತು. ಅಕ್ಕಪಕ್ಕ ನೋಡಿದಳು. ಯಾರೂ ಇವಳ ಕಡೆ ನೋಡುತ್ತಿರಲಿಲ್ಲ. ಪಕ್ಕದ ಹಾಡಿನ ತಂಡದ ಹೆಂಗಸು ಉಗುರಿನ ಬಣ್ಣ ಕೆರೆಯುತ್ತಿದ್ದಳು. ಅವರ ಒಳ್ಳೆಯದಕ್ಕೇ. ಅತ್ತೆ ಒಂದು ದಿನ ನೈಟಿಯಲ್ಲೇ ಮೆಟ್ಟಿಲಿಳಿದು ಹೋಗಿ ಬಸ್ ಡಿಪೋದ ಗೇಟಿನಲ್ಲಿ ನಿಂತು, ಬಂದ ಬಂದ ಡ್ರೈವರನ್ನೆಲ್ಲ ತಮ್ಮ ತಂದೆಯ ಮನೆಗೆ ಬಿಡಲು ಕೇಳಿದ್ದರು. ಇನ್ನೊಂದು ದಿನ ಗ್ಯಾಸ್ ತಿರುಗಿಸಿ, ಹಚ್ಚುವುದನ್ನು ಮರೆತು, ಒಲೆಯ ಮುಂದೆ ಕೂತು ಯಾರಿಗೋ ಕಾಯುತ್ತಿದ್ದರು. ಕೆಳಗಿನ ಮನೆಯವಳು ಮೊದಮೊದಲು ಬಂದು ಕೂರುತ್ತಿದ್ದಳು. ಅತ್ತೆ 'ನನ್ನ ಬಳೆ ಕದ್ದೆ' ಎಂದ ಮೇಲೆ ಅವಳು ಮೆಟ್ಟಿಲು ಹತ್ತಲಿಲ್ಲ. ಬಳೆ ಕೊನೆಗೆ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು, ಆದರೆ ಸಿಕ್ಕಿತೆಂದು ಕೆಳಗೆ ಹೋಗಿ ಹೇಳುವ ಮುಖ ಇವಳಿಗಿರಲಿಲ್ಲ. ಗಂಡ ಶೈತ್ಯಾಗಾರದಲ್ಲಿ ಪಾಳಿಯ ಕೆಲಸದವನು. ಮನೆಗೆ ಬಂದರೆ ಬೆರಳು ಬಿಸಿಯಾಗುವುದಕ್ಕೇ ಅರ್ಧ ದಿನ ಬೇಕು. ಅವನೇ ಒಂದು ಭಾನುವಾರ ಸ್ಕ್ರೂಡ್ರೈವರ್ ಹಿಡಿದು ತನ್ನ ತಾಯಿಯ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ. ಒಳಗಿನಿಂದ ಅಲುಗಾಡಿಸಿದರೆ ಚಿಲಕ ತಾನಾಗಿ ಸರಿಯುತ್ತಿತ್ತು, ಅದಕ್ಕೇ ಬೀಗ. ಅವನು ಸ್ಕ್ರೂ ತಿರುಗಿಸುತ್ತಿದ್ದಾಗ ಅತ್ತೆ ಪಕ್ಕದಲ್ಲೇ ನಿಂತು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಒಂದೊಂದಾಗಿ ಕೊಟ್ಟಿದ್ದರು. "ಒಳ್ಳೇ ಕೆಲಸಗಾರ ನೀನು. ಯಾರ ಮಗನಪ್ಪಾ?" ಎಂದು ಕೇಳಿದ್ದರು.

ಆದರೆ ಬೀಗದ ಮಾತು ಬಂದಾಗ ಅವಳನ್ನು ಚುಚ್ಚಿದ್ದು ಬೀಗವಲ್ಲ. ಬೀಗಕ್ಕೆ ನ್ಯಾಯವಿತ್ತು, ಕೇಳಿದವರಿಗೆ ಹೇಳಲು ಡಿಪೋ ಇತ್ತು, ಗ್ಯಾಸ್ ಇತ್ತು. ನೀರಿನದು ಬೇರೆ. ನೀರಿನದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಹೊರಗೆ ಹೋಗುವ ದಿನ ಅತ್ತೆಗೆ ನೀರು ಕಡಿಮೆ ಕೊಡುತ್ತಾಳೆ. ಕೊಡುವುದೇ ಇಲ್ಲವೆಂದಲ್ಲ, ಗಂಜಿ ಗಟ್ಟಿ ಮಾಡುತ್ತಾಳೆ, ಲೋಟ ಅರ್ಧ ತುಂಬಿಸುತ್ತಾಳೆ, 'ಆಮೇಲೆ ಕುಡೀರಿ' ಎಂದು ಎತ್ತಿಟ್ಟುಬಿಡುತ್ತಾಳೆ. ಬಂದ ಮೇಲೆ ಹಾಸಿಗೆ, ನೆಲ, ಬಟ್ಟೆ ಒಗೆಯುವುದು ತಪ್ಪುತ್ತದೆ. ಮೊದಲ ದಿನ ಹಾಗೆ ಮಾಡಿದ್ದು ಮರೆವಿನಿಂದ. ಅವತ್ತು ಕಾರ್ಖಾನೆಯಿಂದ ಬಂದು ನೋಡಿದರೆ ಹಾಸಿಗೆ ಒಣಗಿತ್ತು. ಆ ಒಣ ಹಾಸಿಗೆಯನ್ನು ಮುಟ್ಟಿದಾಗ ಅವಳಿಗಾದ ಸಂತೋಷ! ಎರಡನೆಯ ದಿನ ಮರೆಯಲಿಲ್ಲ.

ಬೆಡ್‌ಶೀಟಿನ ಮೇಲೆ ನೀರಿನ ಬಗ್ಗೆ ಏನೂ ಬರಲಿಲ್ಲ. ಬರಬಹುದೆಂದು ಕೊನೆಯ ತನಕ ಕಾದಳು. ಬರದೇ ಹೋದಾಗ ಹಗುರಾಗಲಿಲ್ಲ. ತನ್ನ ತಪ್ಪು ಇವರ ಲೆಕ್ಕಕ್ಕೂ ಸಿಗದಷ್ಟು ಸಣ್ಣದು, ಅಷ್ಟು ಸಣ್ಣದನ್ನು ಯೋಚಿಸುವ ಸಣ್ಣತನ ಬೇರೆ ಯಾರಿಗೂ ಬಂದಿಲ್ಲ ಎನ್ನಿಸಿತು.

"ಯಾರ ಮೇಲಾದ್ರೂ ದೂರು ಬಂದ್ರೆ," ತರಬೇತಿಯವಳು ಮುಂದುವರಿಸಿದಳು, "ವಿಚಾರಣೆ ಮುಗಿಯೋವರೆಗೂ ಅವರು ಮಕ್ಕಳ ಹತ್ತಿರ ಬರೋ ಹಾಗಿಲ್ಲ. ಬ್ಯಾಜು ವಾಪಸು ಕೊಡಬೇಕು. ಇದು ಶಿಕ್ಷೆ ಅಲ್ಲ."

ಶಿಕ್ಷೆಯಲ್ಲ. ಭಾನುವಾರದ ಆರಾಧನೆಯ ನಡುವೆ, ದೊಡ್ಡವರು ಪಾದ್ರಿಗಳ ಪ್ರಸಂಗ ಕೇಳುವ ಹೊತ್ತಿಗೆ, ಹಿಂಬದಿಯ ಕೋಣೆಯಲ್ಲಿ ಅವಳು ಚಿಕ್ಕಮಕ್ಕಳಿಗೆ ಸಂಡೇ ಸ್ಕೂಲು ಮಾಡುತ್ತಾಳೆ. ಮಕ್ಕಳು ಅವಳನ್ನು ಟೀಚರಮ್ಮ ಎನ್ನುತ್ತವೆ. ನೋಹನ ದೋಣಿಗೆ ಡೈನೋಸಾರನ್ನು ಯಾಕೆ ಹತ್ತಿಸಲಿಲ್ಲ ಎಂದು ವಾರ ವಾರವೂ ಜಗಳ ತೆಗೆಯುವವನೊಬ್ಬ. ಬಂದ ತಕ್ಷಣ ಇವಳ ಚಪ್ಪಲಿಯ ಮೇಲೆ ಕೂತು ಕಾಲನ್ನು ತಬ್ಬಿಕೊಂಡು ತರಗತಿ ಮುಗಿಯುವ ತನಕ ಬಿಡದವಳೊಬ್ಬಳು. ಅವಳ ತಲೆಗೂದಲಿಗೆ ಹಾಲಿನ ವಾಸನೆ. ಆ ಹೊತ್ತಿನಲ್ಲಿ ಇವಳ ದನಿಯೇ ಬೇರೆ. ಆ ದನಿ ಮನೆಯಲ್ಲಿ ಯಾರೂ ಕೇಳಿಲ್ಲ. ಮಗಳು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿ, ಹಿಂದಿರುಗುವಾಗ ಬಸ್ಸಿನಲ್ಲಿ, "ಅಮ್ಮಾ, ನೀನು ಅಲ್ಲಿ ಬೇರೆ ಯಾರೋ ಆಗ್ತೀಯ," ಎಂದಿದ್ದಳು. ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಗಂಡನದು ಮಾತ್ರ ತಿಳಿಯುವಂಥದೇ ಮಾತು: ಮನೆಗೆ ಮಾರಿ, ಊರಿಗೆ ಉಪಕಾರಿ. ಇರಬಹುದು. ವಾರವಿಡೀ ಮಾರಿಯಾಗಿದ್ದವಳಿಗೆ ಆ ಒಂದು ಗಂಟೆ ಮನುಷ್ಯಳಾಗಿರಲು ಬಿಡುತ್ತಾರೆ. ಅದೂ ಹೋದರೆ ಉಳಿಯುವುದು ಶರ್ಟು ಮತ್ತು ಬೀಗ. ವಿಚಿತ್ರವೆಂದರೆ ಆ ತರಗತಿ ಮೊದಲು ಅತ್ತೆಯದೇ, ತಲೆಯಲ್ಲಿ ಅಕ್ಷರಗಳು ಕಲಸಿಹೋಗಲು ಶುರುವಾದಾಗ ಅವರೇ ಸೊಸೆಯ ಕೈಗೆ ಸೀಮೆಸುಣ್ಣದ ಡಬ್ಬಿ ಕೊಟ್ಟು, "ಮಕ್ಕಳ ಮುಂದೆ ಗೊತ್ತಿಲ್ಲ ಅನ್ನೋಕೆ ನಾಚ್ಕೋಬೇಡ. ಅಷ್ಟೇ ಇದರಲ್ಲಿರೋದು," ಎಂದಿದ್ದರು. ಇಷ್ಟು ವರ್ಷದಲ್ಲಿ ಅವರು ಹೇಳಿದ ಒಂದೇ ಒಳ್ಳೆಯ ಮಾತು.

ಆಮೇಲೆ ನಾಟಕ ಮಾಡಿಸಿದರು. ಯಾರಾದರೂ ನಮ್ಮ ಹತ್ತಿರ ಗುಟ್ಟು ಹೇಳಲು ಬಂದರೆ ಏನು ಮಾಡಬೇಕೆಂಬುದನ್ನು ಇಬ್ಬರು ಎದುರುಬದುರು ಕೂತು ತೋರಿಸಬೇಕು. ನರ್ಸಕ್ಕನನ್ನು ಮಗು ಮಾಡಿದರು. ನಿವೃತ್ತಿಯಾಗಿ ಮಂಡಿ ಸವೆದ ಆ ದೊಡ್ಡ ಹೆಂಗಸು ಚಿಕ್ಕ ಕುರ್ಚಿಯ ಮೇಲೆ ಕೂತು, ಕಾಲು ಆಡಿಸಿ, ತುಟಿ ಮುಂದೆ ಮಾಡಿದಾಗ ಗಂಟೆ ತಾತ ಕೆಮ್ಮಿ ಕೆಮ್ಮಿ ನಕ್ಕ. ಎದುರಿಗೆ ಇವಳು. "ನಮ್ಮ ಟೀಚರಮ್ಮನೇ ಸರಿ," ಎಂದು ಪಾದ್ರಿಗಳೇ ಹೆಸರಿಸಿದ್ದರು.

"ಟೀಚರಮ್ಮಾ, ನಂಗೊಂದು ಮಾತು ಹೇಳಬೇಕು," ನರ್ಸಕ್ಕ ಮೂಗಿನಲ್ಲಿ ಹೇಳಿದಳು. "ಆದ್ರೆ ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ."

ಇವಳಿಗೆ ಆಗ ಎಲ್ಲರೂ ಮರೆತುಹೋದರು. ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿದಳು. ಹಾಗೆ ಬಗ್ಗಬೇಕೆಂದು ಬೆಡ್‌ಶೀಟಿನ ಮೇಲೆ ಇರಲಿಲ್ಲ, ಅವಳಿಗೆ ಅಭ್ಯಾಸ. "ನೀನು ಹೇಳೋಕೆ ಬಂದದ್ದು ಒಳ್ಳೇದಾಯ್ತು ಪುಟ್ಟಾ," ಎಂದಳು. "ಆದ್ರೆ ಯಾರಿಗೂ ಹೇಳಲ್ಲ ಅಂತ ನಾನು ಮಾತು ಕೊಡೋಕಾಗಲ್ಲ. ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ. ನೀನು ಹೇಗೆ ಹೇಳ್ತೀಯೋ ಹಾಗೇ, ನಿನ್ನ ಮಾತಲ್ಲೇ ಹೇಳ್ತೀನಿ. ನಂದು ಏನೂ ಸೇರಿಸಲ್ಲ."

ನರ್ಸಕ್ಕನ ಆಡುತ್ತಿದ್ದ ಕಾಲು ನಿಂತಿತ್ತು. ತರಬೇತಿಯವಳು ಮೆಲ್ಲಗೆ ಚಪ್ಪಾಳೆ ತಟ್ಟಿ, "ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ," ಎಂದಳು. ಇವಳು ಕುರ್ಚಿಗೆ ಮರಳಿ ಚೀಲವನ್ನು ತೊಡೆಗೆ ಎಳೆದುಕೊಂಡಳು. ಮೊನೆ ಚುಚ್ಚಿತು.

ಕೊನೆಗೆ ಒಂದು ಹಾಳೆ. ನಿಮ್ಮ ಆರೈಕೆಯಲ್ಲಿರುವ ಯಾರಿಗಾದರೂ ನಿಮ್ಮಿಂದ ಎಂದಾದರೂ ಹಾನಿಯಾಗಿದೆಯೇ ಎಂದು ಕೇಳಿತ್ತು. ಎಲ್ಲರೂ 'ಇಲ್ಲ'ಕ್ಕೆ ಗುರುತು ಹಾಕುತ್ತಿದ್ದ ಸದ್ದು, ಒಟ್ಟಿಗೆ ಹತ್ತಾರು ಪೆನ್ನುಗಳ ಕೆರೆತ. ಅವಳೂ ಹಾಕಿದಳು. ಗೆರೆ ನೆಟ್ಟಗೆ ಬಂತು. ಅದಕ್ಕೆ ಬದಲಾಗಿ ನೀಲಿ ಪಟ್ಟಿಗೆ ತೂಗುಹಾಕಿದ ಬ್ಯಾಜು ಕೊರಳಿಗೆ ಬಂತು, ಚರ್ಚಿನ ಗುರುತು, ಕೆಳಗೆ ದಪ್ಪಕ್ಷರದಲ್ಲಿ 'ಸ್ವಯಂಸೇವಕಿ'. ಪಾದ್ರಿಗಳು ಎದ್ದು, ಇನ್ನು ಮೇಲೆ ಯಾರಿಗೆ ಏನು ಗೊತ್ತಾದರೂ, ಅನುಮಾನ ಬಂದರೂ, ಮೊದಲು ನರ್ಸಕ್ಕನಿಗೆ ಹೇಳಬೇಕು, ಚರ್ಚಿನ ಪರವಾಗಿ ಕೇಳಿಸಿಕೊಳ್ಳುವ ಕಿವಿ ಅವರೇ ಎಂದರು. "ಗಂಟೆ ತಾತನ ಕಿವಿ ಆಗಿದ್ರೆ ಯಾರ ತಂಟೇನೂ ಇರ್ತಿರಲಿಲ್ಲ," ಎಂದು ಯಾರೋ ಗೊಣಗಿದರು. ಮನೆಯಲ್ಲೇ ಉಳಿದ ಹಿರಿಯರ ಭೇಟಿಯನ್ನು ಇವತ್ತಿನಿಂದಲೇ ಶುರುಮಾಡೋಣ, ಎಂದು ಪಾದ್ರಿಗಳು ಇವಳ ಕಡೆ ತಿರುಗಿದರು. "ನಿಮ್ಮ ಅತ್ತೆ ಚರ್ಚಿಗೆ, ಪ್ರಭುಭೋಜನಕ್ಕೆ ಬಂದು ಎಷ್ಟು ಕಾಲ ಆಯ್ತಮ್ಮ? ಅವರಿಂದಲೇ ಶುರುವಾಗಲಿ. ನೀವು ಹೇಗೂ ಇರ್ತೀರಿ, ನರ್ಸಕ್ಕ ಜೊತೆಗೆ ಬರ್ತಾರೆ. ಜೋಡಿ ಆಯ್ತು."

"ಇವತ್ತು ಬೇಡ ಅಯ್ಯನವರೇ. ಮಲಗಿರ್ತಾರೆ."

"ಎದ್ದು ಓಡಾಡೋರನ್ನ ನೋಡೋಕೆ ನಾನ್ಯಾಕೆ ಹೋಗಲಿ?" ಎಂದು ನರ್ಸಕ್ಕ ಆಗಲೇ ಚೀಲ ಹೆಗಲಿಗೇರಿಸಿದ್ದಳು. "ನಡಿ. ನಿನ್ನ ಮನೆಗೆ ನೀನೇ ಹೋಗೋಕೂ ಈಗ ಜೊತೆ ಬೇಕು ನೋಡು, ಏನು ಕಾಲ ಬಂತು."

ಹೊರಗೆ ಬೆಳಕು ಬೂದಿಯ ಬಣ್ಣದ್ದು, ಹೊತ್ತೆಷ್ಟೆಂದು ಹೇಳದಂಥದ್ದು. ನರ್ಸಕ್ಕ ಒಂದು ಕಾಲನ್ನು ಊರಿ ಇನ್ನೊಂದನ್ನು ಎಳೆದು ನಡೆಯುತ್ತಿದ್ದಳು; ಅವಳ ನಡಿಗೆಗೆ ತಕ್ಕ ಹಾಗೆ ಇವಳು ಹೆಜ್ಜೆ ಕುಗ್ಗಿಸಬೇಕಾಗಿತ್ತು. ಅಂಗಡಿಗಳ ಸಾಲು, ಟೈರು ತೂಗುಹಾಕಿದ ಗ್ಯಾರೇಜು, ಒದ್ದೆ ಸಿಮೆಂಟಿನ ವಾಸನೆ. ನರ್ಸಕ್ಕ ಆಸ್ಪತ್ರೆಯ ಕಾಲದ ಏನೋ ಹೇಳುತ್ತಿದ್ದಳು. ಇವಳು ಹೂಂಗುಟ್ಟುತ್ತ ಮನಸ್ಸಿನಲ್ಲೇ ಮನೆಯೊಳಗೆ ನಡೆದಾಡಿದಳು. ಮುಂಬಾಗಿಲು. ಅದಕ್ಕೆ ಬೀಗವಿದ್ದರೆ ತಪ್ಪಿಲ್ಲ, ಎಲ್ಲರ ಮನೆಗೂ ಇರುತ್ತದೆ. ನಡುಮನೆ. ಎಡಕ್ಕೆ ಅತ್ತೆಯ ಕೋಣೆ. ಮೊದಲು ಹೋಗಿ ಬೀಗ ತೆಗೆದು ಚೀಲಕ್ಕೆ ಹಾಕಿಕೊಂಡರೆ ಆಯಿತು. ಮಗಳು ಮನೆಯಲ್ಲಿದ್ದಿದ್ದರೆ! ಬೆಳಿಗ್ಗೆ ಕೇಳಿದ್ದಕ್ಕೆ ಅವಳು ಪುಸ್ತಕದಿಂದ ತಲೆಯೆತ್ತದೆ, "ನಂಗೂ ಪರೀಕ್ಷೆ ಇದೆ. ಅಜ್ಜಿಗೆ ನಾನು ಯಾರು ಅಂತಾನೇ ಗೊತ್ತಿಲ್ಲ, ನಾನಿದ್ದರೇನು ಬಿಟ್ಟರೇನು," ಎಂದು ಟ್ಯೂಷನ್ನಿಗೆ ನಡೆದಿದ್ದಳು. ಅದರಲ್ಲಿ ಸುಳ್ಳೇನಿತ್ತು? ಬೀಗ ತೆಗೆಯಬಹುದು. ಆದರೆ ಚಿಲಕ? ಚಿಲಕ ಬಾಗಿಲಲ್ಲೇ ಇರುತ್ತದಲ್ಲ. ಹೊರಗಿನಿಂದ ಚಿಲಕವಿರುವ ಮಲಗುವ ಕೋಣೆಯನ್ನು ಈ ಹೆಂಗಸು ತನ್ನ ನೌಕರಿಯಲ್ಲಿ ಎಷ್ಟು ನೋಡಿಲ್ಲ!

"ಏನೇ, ಮಾತೇ ಇಲ್ಲ?" ನರ್ಸಕ್ಕ ನಿಂತಳು. "ಅಷ್ಟು ಚೆನ್ನಾಗಿ ಹೇಳಿದೆ ಅಲ್ಲಿ. ನಿಜ ಹೇಳ್ಲಾ, ಆಟಕ್ಕೆ ಕೂತವಳಿಗೆ ನಂಗೇ ಒಂದು ಕ್ಷಣ ಏನಾದ್ರೂ ಹೇಳಿಬಿಡೋಣ ಅನ್ನಿಸ್ತು."

"ಏನು ಹೇಳ್ತಿದ್ರಿ?"

"ಈ ವಯಸ್ಸಿಗೆ ಒಂದಾ ಎರಡಾ!" ಎಂದು ನಕ್ಕು, ಮಂಡಿ ಒತ್ತಿಕೊಂಡು ಮತ್ತೆ ನಡೆದಳು.

ಕಟ್ಟಡದ ಬುಡಕ್ಕೆ ಬಂದಾಗ ಇವಳು ತಾಳಲಾರದೆ, "ಅಕ್ಕಾ, ಮೆಟ್ಟಿಲು ಕಡಿದು. ನೀವು ನಿಧಾನಕ್ಕೆ ಬನ್ನಿ, ನಾನು ಹೋಗಿ ಹಾಲು ಕಾಯೋಕಿಡ್ತೀನಿ," ಎಂದಳು. ಉತ್ತರಕ್ಕೆ ಕಾಯಲಿಲ್ಲ. ಕೆಳಗಿನ ಮನೆಯ ಕಿಟಕಿಯ ಪರದೆ ಸರಿಯಿತು, ಬಿದ್ದಿತು. ಓಡುತ್ತ ಹತ್ತಿದಳು, ಕೊರಳ ಬ್ಯಾಜು ಎದೆಗೆ ಬಡಿಯುತ್ತಿತ್ತು. ಮುಂಬಾಗಿಲ ಬೀಗ. ಒಳಗೆ ಬೆಳಗಿನ ಗಂಜಿಯ ತಣ್ಣನೆ ವಾಸನೆ. ಕೋಣೆಯ ಬೀಗಕ್ಕೆ ಕೀಲಿಕೈ ಹಾಕುವಾಗ ಅದು ಎರಡು ಸಲ ಜಾರಿತು, ಮೂರನೆಯ ಸಲ ತಿರುಗಿತು. ಬೀಗವನ್ನು ಚೀಲದ ತಳಕ್ಕೆ ತುರುಕಿದಳು. ಚಿಲಕ ಹೊಳೆಯುತ್ತಿತ್ತು, ದಿನಾ ಮುಟ್ಟಿ ಮುಟ್ಟಿ ಉಜ್ಜಿದ ಹಾಗಾಗಿತ್ತು. ಹಗ್ಗದ ಮೇಲಿದ್ದ ಟವಲನ್ನು ಎಳೆದು ಅದರ ಮೇಲೆ ತೂಗುಹಾಕಿದಳು. ಹಿಂದೆ ಸರಿದು, ದೀಪದ ಕೆಳಗೆ ಶರ್ಟು ನೋಡುವ ಕಣ್ಣಿನಿಂದ ನೋಡಿದಳು. ಟವಲು ಒಣಗಹಾಕಿದ್ದಾರೆ, ಅಷ್ಟೆ. ಬಾಣ ಅಂಟಿಸುವಂಥದ್ದೇನೂ ಇಲ್ಲ. ಆಮೇಲೆ ಬಾಗಿಲು ದೂಡಿದಳು.

ಬಾಗಿಲು ಪೂರ್ತಿ ತೆರೆಯಲಿಲ್ಲ. ಅತ್ತೆ ಕಿಟಕಿಯ ಹತ್ತಿರ ಇರಲಿಲ್ಲ. ಬಾಗಿಲ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದರು, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ. ಬಾಗಿಲು ಸರಿದಾಗ ತಲೆಯೆತ್ತಿ, ಇವಳ ಮುಖ ನೋಡಿದರು, ಆಮೇಲೆ ಕೊರಳಲ್ಲಿ ತೂಗುತ್ತಿದ್ದ ಬ್ಯಾಜು ನೋಡಿದರು. ಆ ಗುರುತನ್ನು ಅವರು ಬಲ್ಲರು. ಮುಖದಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಒಂದು ಕಳೆ ಬಂತು, ಮನೆಗೆ ಬಂದವರನ್ನು ಬರಮಾಡಿಕೊಳ್ಳುವ ಗೃಹಿಣಿಯದು.

"ಚರ್ಚಿಂದ ಬಂದ್ರಾ? ಬನ್ನಿ, ಬನ್ನಿ. ಕೂತ್ಕೊಳ್ಳಿ."

ಅವರು ಇವಳಿಗೆ ಬಹುವಚನ ಹಚ್ಚಿದ್ದು ಬದುಕಿನಲ್ಲಿ ಅದೇ ಮೊದಲು. ಇವಳು ಅವರ ಪಕ್ಕ ನೆಲದ ಮೇಲೆ ಕೂತಳು. ಕೆಳಗೆ ಮೆಟ್ಟಿಲಲ್ಲಿ ನರ್ಸಕ್ಕನ ಹೆಜ್ಜೆ ಕೇಳುತ್ತಿತ್ತು, ಒಂದು ಊರುವುದು, ಒಂದು ಎಳೆಯುವುದು.

"ಸ್ವಲ್ಪ ನೀರು ಸಿಗುತ್ತಾ?" ಅತ್ತೆ ಮೆಲ್ಲಗೆ ಕೇಳಿದರು. "ಬೈಬೇಡಿ. ಅವಳು ಬರೋದರೊಳಗೆ."

ನಡುಮನೆಯಿಂದ ಲೋಟ ತಂದಳು, ತುಂಬ ತುಂಬಿಸಿ. ಅತ್ತೆ ಎರಡೂ ಕೈಯಲ್ಲಿ ಹಿಡಿದು ಕುಡಿದರು, ಗದ್ದದಿಂದ ಸೋರಿಸುತ್ತ, ಉಸಿರು ತೆಗೆದುಕೊಳ್ಳಲು ಲೋಟದೊಳಗೇ ನಿಲ್ಲಿಸಿ ಮತ್ತೆ ಕುಡಿದರು. ಮತ್ತೊಂದು ಲೋಟ ತಂದಳು. ಅದನ್ನೂ ಕುಡಿದರು. ಆಮೇಲೆ ಇವಳ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡರು.

"ನಿಮಗೊಂದು ಮಾತು ಹೇಳ್ಲಾ? ಈ ಮನೇಲಿ ಒಂದು ಹುಡುಗಿ ಇದ್ದಾಳೆ. ನನ್ನ ಒಳಗೆ ಹಾಕಿ ಬೀಗ ಹಾಕ್ತಾಳೆ. ನೀರು ಕೇಳಿದ್ರೆ ಆಮೇಲೆ ಅಂತಾಳೆ." ತಡೆದು, ಬಾಗಿಲ ಕಡೆ ನೋಡಿದರು. "ಕೆಟ್ಟವಳಲ್ಲ. ಬೀಗ ಹಾಕೋವಾಗ ಕೆಮ್ಮುತ್ತಾಳೆ ಪಾಪ, ಆ ಕೆಮ್ಮು ವಾಸೀನೇ ಆಗಿಲ್ಲ ಅವಳಿಗೆ. ಹಾಕಿದ ಮೇಲೂ ಹೋಗಲ್ಲ. ಇಲ್ಲಿ ಬಗ್ಗಿ ನೋಡಿದ್ರೆ ಬಾಗಿಲ ಕೆಳಗೆ ಅವಳ ಕಾಲು ಕಾಣುತ್ತೆ. ನಿಂತಿರ್ತಾಳೆ. ಆ ಕಾಲು ಇರೋ ತನಕ ನಂಗೆ ಭಯ ಆಗಲ್ಲ." ಮೊಣಕೈಯ ಹಿಡಿತ ಬಿಗಿಯಾಯಿತು. "ಯಾರಿಗೂ ಹೇಳಬೇಡಿ. ಹೇಳಿದ್ರೆ ಅವಳನ್ನ ಬೈತಾರೆ. ಅವಳಿಗೆ ಯಾರೂ ಇಲ್ಲ. ಹೇಳಲ್ಲ ಅಂತ ಮಾತು ಕೊಡಿ."

ಊರುವುದು, ಎಳೆಯುವುದು. ತಿರುವಿನಲ್ಲಿ ನರ್ಸಕ್ಕ ನಿಂತು ಏದುಸಿರು ಬಿಡುತ್ತಿದ್ದಳು. ಮಾತು ಕೊಟ್ಟುಬಿಡಬಹುದಾಗಿತ್ತು. ಎಷ್ಟು ಸುಲಭ! ಕೇಳಿಸಿಕೊಂಡವಳು ತಾನೊಬ್ಬಳೇ, ಹೇಳಿದವರಿಗೆ ಹೊತ್ತು ಮುಳುಗುವುದರೊಳಗೆ ಮರೆತುಹೋಗುತ್ತದೆ, ಬೀಗ ಚೀಲದ ತಳದಲ್ಲಿದೆ, ಚಿಲಕದ ಮೇಲೆ ಟವಲಿದೆ. ಭಾನುವಾರ ಬರುತ್ತದೆ, ಹಾಲಿನ ವಾಸನೆಯ ತಲೆ ಕಾಲಿಗೆ ಒರಗುತ್ತದೆ. ಆ ಮಗು ತಲೆಯೆತ್ತಿ ಟೀಚರಮ್ಮಾ ಎನ್ನುತ್ತದೆ. ಇವಳು ಬಗ್ಗಿದಳು, ಅತ್ತೆಯ ಕಣ್ಣಿನ ಮಟ್ಟಕ್ಕೆ. ಬಾಯಿಂದ ಬಂದದ್ದು ಮನೆಯಲ್ಲಿ ಯಾರೂ ಕೇಳದ ಆ ದನಿ.

"ನೀವು ಹೇಳಿದ್ದು ಒಳ್ಳೇದಾಯ್ತು," ಎಂದಳು. "ಆದ್ರೆ ಯಾರಿಗೂ ಹೇಳಲ್ಲ ಅಂತ ಮಾತು ಕೊಡೋಕಾಗಲ್ಲ ನಂಗೆ."

ಅತ್ತೆ ಮುಖ ಸಪ್ಪೆ ಮಾಡಿಕೊಂಡರು, ಮಕ್ಕಳ ಹಾಗೆ. ಆದರೆ ಕೈ ಬಿಡಲಿಲ್ಲ.

"ಅಯ್ಯೋ ದೇವರೇ, ಇದು ಮೆಟ್ಟಿಲೋ ಸ್ವರ್ಗಕ್ಕೆ ಏಣಿಯೋ!" ನರ್ಸಕ್ಕ ನಡುಮನೆಗೆ ಬಂದು ಗೋಡೆಗೆ ಕೈಕೊಟ್ಟು ನಿಂತಳು. ಮುಖದಿಂದ ಬೆವರು ಇಳಿಯುತ್ತಿತ್ತು. "ಹಾಲೆಲ್ಲಿ? ಒಲೆ ಹಚ್ಚಿದ ಸದ್ದೇ ಇಲ್ಲ. ಮೊದಲು ಮುಖ ಒರೆಸೋಕೆ ಏನಾದ್ರೂ ಕೊಡು ಮಾರಾಯ್ತಿ."

ಒಗೆದ ಟವಲುಗಳು ಬೀರುವಿನಲ್ಲಿದ್ದವು, ಮಡಿಚಿಟ್ಟು. ಅವಳು ಎದ್ದಳು. ಬೀರುವಿನ ಕಡೆ ಹೋಗಲಿಲ್ಲ. ಬಾಗಿಲಿಗೆ ಬಂದು ಚಿಲಕದ ಮೇಲಿದ್ದ ಟವಲನ್ನು ತೆಗೆದು ನರ್ಸಕ್ಕನ ಕೈಗೆ ಕೊಟ್ಟಳು. ನರ್ಸಕ್ಕ ಅದನ್ನು ಮುಖದ ತನಕ ಒಯ್ದವಳು ಅಲ್ಲೇ ನಿಲ್ಲಿಸಿದಳು. ಅವಳ ಕಣ್ಣು ಬಾಗಿಲ ಮೇಲಿತ್ತು.

ಇವಳು ಕೊರಳಿನಿಂದ ನೀಲಿ ಪಟ್ಟಿಯನ್ನು ತಲೆಯ ಮೇಲಿಂದ ತೆಗೆದಳು. ಅದು ಕೂದಲಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತಾಯಿತು.

"ಕೂತ್ಕೊಳ್ಳಿ ಅಕ್ಕ," ಎಂದಳು. "ಒಬ್ಬರು ನಂಗೊಂದು ವಿಷಯ ಹೇಳಿದ್ದಾರೆ. ಅವರ ಮಾತಲ್ಲೇ ಹೇಳ್ತೀನಿ. ನಂದು ಏನೂ ಸೇರಿಸಲ್ಲ."